ಸುದ್ದಿಯೂ ಸಂಶಯವೂ

ಪತ್ರಿಕೆಯವರು ಬರೆಯುವುದೆಲ್ಲ ಸುಳ್ಳು, ಟಿ.ವಿ.ಯವರು ತೋರಿಸುವುದೆಲ್ಲ ನಾಟಕ ಎಂಬ ಮಾತನ್ನು ಈಗ ಹೋಟೆಲಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ ಕೇಳುತ್ತೇವೆ. ಹೇಳುವವರಲ್ಲಿ ಪಕ್ಷಭೇದವಿಲ್ಲ, ಜಾತಿಭೇದವಿಲ್ಲ, ವಯೋಭೇದವೂ ಇಲ್ಲ. ವಿಚಿತ್ರವೆಂದರೆ, ಹೀಗೆಂದವರೇ ಮರುಗಳಿಗೆಯಲ್ಲಿ "ನಿನ್ನೆ ಟಿ.ವಿ.ಯಲ್ಲಿ ನೋಡಲಿಲ್ಲವೆ?" ಎಂದು ಮತ್ತೊಂದು ಸಂಗತಿಯನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ. ಎಂದರೆ, ಎಲ್ಲವನ್ನೂ ಅವರು ಅವಿಶ್ವಾಸದಿಂದ ಕಾಣುತ್ತಿದ್ದಾರೆಂದು ಅರ್ಥವಲ್ಲ. ತಮಗೆ ಒಗ್ಗದ ಸುದ್ದಿಯನ್ನು ಸುಳ್ಳೆನ್ನುತ್ತಾರೆ, ಒಗ್ಗಿದ್ದನ್ನು ಪ್ರಮಾಣವೆನ್ನುತ್ತಾರೆ. ಹೀಗೆ ನೋಡಿದರೆ ಸಂಶಯವೂ ನಂಬಿಕೆಯಷ್ಟೇ ಕುರುಡಾಗಬಲ್ಲದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರ ಗಾದೆ. ಕಂಡದ್ದನ್ನು ನಂಬಲೇಬೇಡ ಎಂದು ಅವರು ಹೇಳಲಿಲ್ಲ. ಪ್ರಮಾಣಿಸು ಎಂದರು, ಅಳೆದು ನೋಡು ಎಂದರು. ಅದಕ್ಕೆ ಅಳತೆಗೋಲು ಬೇಕು, ಸ್ವಲ್ಪ ಶ್ರಮವೂ ಬೇಕು. ಬಡತನವನ್ನೂ ಗಲಭೆಯನ್ನೂ ಕುರಿತ ಸುದ್ದಿಗಳ ವಿಷಯದಲ್ಲಿ ಈ ಅಳತೆ ಏಕೆ ಅಗತ್ಯ, ಅದನ್ನು ಎಲ್ಲಿಂದ ತರಬೇಕು ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಎಲ್ಲ ಸುದ್ದಿಯ ವಿಷಯದಲ್ಲೂ ಈ ಪ್ರಶ್ನೆ ಒಂದೇ ಬಗೆಯಲ್ಲಿ ಏಳುವುದಿಲ್ಲ. ಈರುಳ್ಳಿಯ ಬೆಲೆ ಏರಿತೆಂದು ಪತ್ರಿಕೆ ಬರೆದರೆ, ಸಂಜೆ ಚೀಲ ಹಿಡಿದು ಹೊರಟಾಗ ಅದರ ಸತ್ಯಾಸತ್ಯ ನಮಗೇ ತಿಳಿಯುತ್ತದೆ. ಮಳೆ ಬರುವುದೆಂದು ಬರೆದರೆ ಆಕಾಶವೇ ಉತ್ತರ ಕೊಡುತ್ತದೆ. ಆದರೆ ಜೋಪಡಿಯೊಳಗಿನ ಬದುಕನ್ನು ಕುರಿತ ಸುದ್ದಿಯನ್ನು ಅಳೆಯಲು ಹೆಂಚಿನ ಮನೆಯವನಲ್ಲಿ, ತಾರಸಿ ಮನೆಯವನಲ್ಲಿ ಏನಿದೆ? ಅವನು ಆ ಬೀದಿಯಲ್ಲಿ ಒಮ್ಮೆಯೂ ನಡೆದವನಲ್ಲ. ಓದುವವರು ಒಂದು ಕಡೆ, ಸುದ್ದಿಗೆ ವಸ್ತುವಾದವರು ಇನ್ನೊಂದು ಕಡೆ. ನಮ್ಮಂಥವರ ಬಗ್ಗೆ ತಪ್ಪು ಅಚ್ಚಾದರೆ ಮರುದಿನವೇ ಸಂಪಾದಕರಿಗೆ ಪತ್ರ ಹೋಗುತ್ತದೆ. ಅಷ್ಟಕ್ಕೂ ಕೇಳದಿದ್ದರೆ ವಕೀಲರ ನೋಟೀಸು ಹೋಗುತ್ತದೆ. ಕೂಲಿಯವನ ಬಗ್ಗೆ ತಪ್ಪು ಅಚ್ಚಾದರೆ ಯಾರ ಪತ್ರವೂ ಹೋಗುವುದಿಲ್ಲ. ತಿದ್ದುವವರಿಲ್ಲವೆಂದು ಗೊತ್ತಿರುವಲ್ಲಿ ತಪ್ಪುಗಳು ಸಲೀಸಾಗಿ ಬೆಳೆಯುತ್ತವೆ. ಆದುದರಿಂದ ಈ ಎರಡು ಬಗೆಯ ಸುದ್ದಿಗಳಲ್ಲಿ ನಮ್ಮ ಸಂಶಯ ತುಸು ಹೆಚ್ಚಾಗಿಯೇ ಎಚ್ಚರವಾಗಿರಬೇಕು.

ವೃತ್ತಪತ್ರಿಕೆ ಎಂಬ ನಮ್ಮ ಹಳೆಯ ಮಾತನ್ನೇ ನೋಡಿ. ಡಿ.ವಿ.ಜಿ.ಯವರು ಈ ವೃತ್ತಿಯನ್ನು ಕುರಿತು ಬರೆದ ಪುಸ್ತಕದ ಹೆಸರೂ ಅದೇ. 'ವೃತ್ತ' ಎಂದರೆ ನಡೆದದ್ದು, ಸಂಭವಿಸಿದ್ದು. ಬೆಂಕಿ ಬಿದ್ದಿತು, ಸೇತುವೆ ಕುಸಿಯಿತು, ಗೋಲಿಬಾರ್ ಆಯಿತು ಎಂಬಿವು ವೃತ್ತಗಳು. ಆದರೆ ಬಡತನ 'ನಡೆಯುವುದಿಲ್ಲ'. ಅದು ಇರುತ್ತದೆ. ನಿನ್ನೆಯೂ ಇತ್ತು, ಇಂದೂ ಇದೆ, ನಾಳೆ ಬೆಳಿಗ್ಗೆಯೂ ಇರುತ್ತದೆ. ಪ್ರತಿದಿನವೂ ಇರುವುದನ್ನು ಇಂದಿನ ಸುದ್ದಿಯೆಂದು ಯಾವ ಉಪಸಂಪಾದಕ ತಾನೆ ಮುಖಪುಟಕ್ಕೆ ಹಾಕಿಯಾನು? ಆ ಬಡತನಕ್ಕೆ ಬೆಂಕಿ ಹತ್ತಿಕೊಂಡಾಗ, ಅದರ ಮೇಲೆ ಜೆ.ಸಿ.ಬಿ. ಯಂತ್ರ ಹಾಯ್ದಾಗ, ಅದರ ಬೀದಿಗೆ ಪೊಲೀಸರ ವ್ಯಾನು ಬಂದಾಗ ಮಾತ್ರ ಅದು ವೃತ್ತವಾಗುತ್ತದೆ.

ಪತ್ರಿಕೆಯ ಈ ಸ್ವಭಾವದಲ್ಲಿ ಒಂದು ಶಕ್ತಿಯೂ ಇದೆ, ಒಂದು ಕುರುಡೂ ಇದೆ. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರೆಂದು ಅಂದಾಜು. ಸರ್ಕಾರ ಅದನ್ನು ಕ್ಷಾಮವೆಂದು ಘೋಷಿಸಲಿಲ್ಲ. ಆ ವರ್ಷ ಆಗಸ್ಟ್ 22ರಂದು ಕಲ್ಕತ್ತೆಯ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಕಲ್ಕತ್ತೆಯ ಬೀದಿಗಳಲ್ಲಿ ಬಿದ್ದಿದ್ದ ಹಸಿದವರ ಛಾಯಾಚಿತ್ರಗಳನ್ನು ಅಚ್ಚುಮಾಡಿದರು. ಅದು ಬ್ರಿಟಿಷರ ಒಡೆತನದ ಪತ್ರಿಕೆ. ಆದುದರಿಂದ ಅದರ ಮಾತನ್ನು ತಳ್ಳಿಹಾಕುವುದು ದೆಹಲಿಗೂ ಲಂಡನ್ನಿಗೂ ಸುಲಭವಾಗಿರಲಿಲ್ಲ. ಬಾಲಕನಾಗಿ ಆ ಕ್ಷಾಮವನ್ನು ಕಣ್ಣಾರೆ ಕಂಡಿದ್ದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಮುಂದೆ ಒಂದು ವಾದವನ್ನು ಮಂಡಿಸಿದರು. ಸ್ವತಂತ್ರ ಪತ್ರಿಕೆಗಳೂ ಚುನಾವಣೆಯೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಬರುವುದಿಲ್ಲ, ಏಕೆಂದರೆ ಸಾವಿನ ಸುದ್ದಿ ಸರ್ಕಾರವನ್ನು ಸುಮ್ಮನಿರಗೊಡುವುದಿಲ್ಲ ಎಂದರು. ಅದರ ಜೊತೆಗೇ ಅವರು ಹೇಳಿದ ಇನ್ನೊಂದು ಮಾತು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಕ್ಷಾಮವನ್ನು ತಡೆದ ಇದೇ ಭಾರತದಲ್ಲಿ ದಿನದಿನದ ಅರೆಹೊಟ್ಟೆ ಸದ್ದಿಲ್ಲದೆ ಉಳಿದಿದೆ. ಸತ್ತವರು ಪತ್ರಿಕೆಗೆ ಕಾಣುತ್ತಾರೆ. ಅರೆಹೊಟ್ಟೆಯಲ್ಲಿ ಬದುಕಿರುವವರು ಕಾಣುವುದಿಲ್ಲ.

ಇದಕ್ಕೆ ಕಲ್ಕತ್ತೆಯವರೆಗೆ ಹೋಗಬೇಕಾಗಿಲ್ಲ. ನಾನು ವಾಸಮಾಡುವುದು ಬೆಂಗಳೂರಿನ ಬಾಣಸವಾಡಿಯಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೊರಟು ಲಿಂಗರಾಜಪುರವನ್ನು ದಾಟಿದರೆ ಕಾಡುಗೊಂಡನಹಳ್ಳಿ ಸಿಗುತ್ತದೆ. ಅದರ ಪಕ್ಕದಲ್ಲಿ ಟ್ಯಾನರಿ ರಸ್ತೆಗೆ ತಗುಲಿಕೊಂಡಂತೆ ದೇವರಜೀವನಹಳ್ಳಿ ಇದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಸಂಸ್ಥೆಯವರು ಕಾಡುಗೊಂಡನಹಳ್ಳಿಯಲ್ಲಿ 9,299 ಮನೆಗಳಿಗೆ ಹೋಗಿ ವಿಚಾರಿಸಿ, 2012ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ಬಹುಕಾಲದ ಕಾಯಿಲೆಗಳು ಬಡವರ ಕೈಯಿಂದ ಎಷ್ಟು ಹಣವನ್ನು ಕಸಿಯುತ್ತವೆ ಎಂಬುದು ಅದರ ವಿಷಯ. ಅಂಥ ಕಾಯಿಲೆಯವರಿದ್ದ ಮನೆಗಳಲ್ಲಿ ಶೇಕಡಾ 16ರಷ್ಟು ಮನೆಗಳು, ಆಸ್ಪತ್ರೆಯಲ್ಲಿ ಮಲಗದೆ ಬರಿಯ ಹೊರರೋಗಿ ಚಿಕಿತ್ಸೆಗೇ ತಮ್ಮ ಆದಾಯದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚನ್ನು ವ್ಯಯಮಾಡುತ್ತಿದ್ದವು. ಈ ಒಂದೇ ಖರ್ಚಿನಿಂದ, ಒಂದು ತಿಂಗಳೊಳಗೆ, ಆ ಮನೆಗಳಲ್ಲಿ ಬಡತನದ ರೇಖೆಯ ಕೆಳಗಿರುವವರ ಸಂಖ್ಯೆ ಇಮ್ಮಡಿಯಾಗುತ್ತಿತ್ತು. ಕೆಲವರು ಸಾಲ ಮಾಡುತ್ತಿದ್ದರು, ಕೆಲವರು ಇದ್ದಬದ್ದದ್ದನ್ನು ಒತ್ತೆಯಿಡುತ್ತಿದ್ದರು.

ಒಂದು ಮಾತ್ರೆಯ ಚೀಟಿ, ಔಷಧದ ಅಂಗಡಿಯ ಒಂದು ಬಿಲ್ಲು, ಆ ತಿಂಗಳು ತುಂಬದೆ ಉಳಿದ ಮಗುವಿನ ಶಾಲೆಯ ಫೀಸು: ಕಾಡುಗೊಂಡನಹಳ್ಳಿಯ ಬಡತನ ಎಂದರೆ ಇದು. ಇದರಲ್ಲಿ ಹೊಗೆಯಿಲ್ಲ, ಕೂಗಾಟವಿಲ್ಲ. ಛಾಯಾಚಿತ್ರಕ್ಕೆ ಸಿಗುವಂಥದೂ ಏನೂ ಇಲ್ಲ. ವೈದ್ಯವಿಜ್ಞಾನದ ಒಂದು ಪತ್ರಿಕೆಯಲ್ಲಿ ಅಂಕಿಗಳಾಗಿ ಅಚ್ಚಾಗಿ, ಅದನ್ನು ಓದಬೇಕಾದವರಷ್ಟೇ ಓದಿದರು.

ಎಂಟು ವರ್ಷಗಳ ಮೇಲೆ ಆ ಊರು ದೇಶಕ್ಕೆಲ್ಲ ಪರಿಚಯವಾಯಿತು. 2020ರ ಆಗಸ್ಟ್ 11ರ ರಾತ್ರಿ, ಸಾಮಾಜಿಕ ಜಾಲತಾಣದಲ್ಲಿ ಬಂದ ಒಂದು ಬರಹದಿಂದ ಕೆರಳಿದ ಗುಂಪು ಕಾವಲ್ ಬೈರಸಂದ್ರದಲ್ಲಿದ್ದ ಶಾಸಕರ ಮನೆಗೆ ಬೆಂಕಿಯಿಟ್ಟಿತು. ಪೊಲೀಸ್ ಠಾಣೆಗಳ ಮೇಲೆ ದಾಳಿಮಾಡಿತು, ವಾಹನಗಳನ್ನು ಸುಟ್ಟಿತು. ಪೊಲೀಸರ ಗುಂಡಿಗೆ ಮೂವರು ಸತ್ತರು. ನೂರಾರು ಜನ ಬಂಧನಕ್ಕೊಳಗಾದರು. ಇದೆಲ್ಲ ಸತ್ಯವೇ. ಇದನ್ನು ಮುಚ್ಚಿಡುವುದಾಗಲಿ ಹಗುರ ಮಾಡುವುದಾಗಲಿ ಪ್ರಾಮಾಣಿಕತೆಯಲ್ಲ.

ಮರುದಿನ ಬೆಳಿಗ್ಗೆ ತಿಪಟೂರಿನ ಕಡೆಯ ನನ್ನ ಸಂಬಂಧಿಕರೊಬ್ಬರು ದೂರವಾಣಿಯಲ್ಲಿ "ನಿಮ್ಮ ಕಡೆ ಊರಿಗೆ ಊರೇ ಉರಿಯುತ್ತಿದೆಯಂತಲ್ಲ, ಹೊರಟು ಬಂದುಬಿಡಿ" ಎಂದು ಗಾಬರಿಪಟ್ಟರು. ಬಾಣಸವಾಡಿಗೂ ಆ ಬೀದಿಗಳಿಗೂ ಇರುವ ದೂರ ಮೂರು ನಾಲ್ಕು ಕಿಲೋಮೀಟರು. ನಮ್ಮ ಬೀದಿಗೆ ಅಂದು ಹಾಲು ಬಂದಿತ್ತು, ಸೊಪ್ಪಿನವಳೂ ಬಂದಿದ್ದಳು. ಟಿ.ವಿ. ಪರದೆಯಲ್ಲಿ ಮಾತ್ರ ಒಂದೇ ವಾಹನ ಹಗಲೆಲ್ಲ ಮತ್ತೆ ಮತ್ತೆ ಉರಿಯುತ್ತಿತ್ತು. ನಮ್ಮ ಸಂಬಂಧಿಕರನ್ನು ದೂರುವಂತಿಲ್ಲ. ಒಮ್ಮೆ ಉರಿದ ವಾಹನವನ್ನು ನೂರು ಸಲ ತೋರಿಸಿದರೆ ನೋಡುವ ಮನಸ್ಸಿಗೆ ಅದು ನೂರು ವಾಹನಗಳೇ. ಆ ಬೆಂಕಿಯ ಉರಿ ಸುಳ್ಳಾಗಿರಲಿಲ್ಲ. ಅದರ ಸುತ್ತಳತೆ ಸುಳ್ಳಾಗಿತ್ತು. ಅದೇ ರಾತ್ರಿ ದೇವರಜೀವನಹಳ್ಳಿಯಲ್ಲಿ ಮುಸ್ಲಿಂ ಯುವಕರು ಕೈಕೈ ಹಿಡಿದು, ಅಲ್ಲಿಯ ದೇವಾಲಯದ ಸುತ್ತ ಸರಪಳಿಯಾಗಿ ನಿಂತು ಅದನ್ನು ಕಾದರು. ಅದೂ ಚಿತ್ರವಾಗಿ ಬಂತು. ಆದರೆ ಉರಿಯುವ ವಾಹನದಷ್ಟು ಸಲ ಬರಲಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಮಾತು. ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿ: ಎಂಥ ಹೆಸರುಗಳು! ಕನ್ನಡದ ಕಿವಿಗೆ ಒಂದರಲ್ಲಿ ದೇವರಿದ್ದಾನೆ, ಜೀವನವಿದೆ, ಇನ್ನೊಂದರಲ್ಲಿ ಕಾಡಿದೆ. ಹೊರಗಿನವರ ಬಾಯಿಯಲ್ಲಿ ಇವು ಎಂದೋ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಾದವು, ಆ ವರ್ಷದ ಮೇಲೆ ಒಂದು ಮೊಕದ್ದಮೆಯ ಹೆಸರೇ ಆಗಿಹೋದವು. ಕೆಲಸ ಕೇಳಲು ಹೋದ ಹುಡುಗನೊಬ್ಬ ಅರ್ಜಿಯಲ್ಲಿ ತನ್ನ ಊರಿನ ಹೆಸರು ಬರೆಯಲು ಅಳುಕುವಂತಾದರೆ, ಆ ಅಳುಕಿನಲ್ಲಿ ಕಲ್ಲೆಸೆದವರ ಪಾಲೂ ಇದೆ, ಕಲ್ಲೆಸೆತವನ್ನಲ್ಲದೆ ಆ ಊರಿನ ಬೇರೇನನ್ನೂ ಎಂದೂ ಬರೆಯದವರ ಪಾಲೂ ಇದೆ.

ಸುತ್ತಳತೆ ತಪ್ಪುವುದು ಒಂದು ಬಗೆ. ಚಿತ್ರ ಸರಿಯಾಗಿದ್ದು ಅದರ ಅಡಿಬರಹ ತಪ್ಪುವುದು ಇನ್ನೊಂದು ಬಗೆ. ಅದು ಇನ್ನೂ ಅಪಾಯಕರ. ಬಾಣಸವಾಡಿಯಿಂದ ಹೊರವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರ, ಮಾರತ್ತಹಳ್ಳಿಗಳನ್ನು ದಾಟಿ ಬೆಳ್ಳಂದೂರಿನ ಕಡೆಗೆ ಹೋದರೆ ಕರಿಯಮ್ಮನ ಅಗ್ರಹಾರವಿದೆ. ಗಾಜಿನ ಕಛೇರಿಗಳ ನೆರಳಿನಲ್ಲಿ, ತಗಡು ಮತ್ತು ಟಾರ್ಪಾಲಿನ ಜೋಪಡಿಗಳಲ್ಲಿ ಆ ಕಛೇರಿಗಳ ಕಸ ಗುಡಿಸುವವರು, ಕಾವಲು ಕಾಯುವವರು, ಅಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರು ಬಾಡಿಗೆ ಕೊಟ್ಟು ವಾಸವಾಗಿದ್ದರು. 2020ರ ಜನವರಿಯಲ್ಲಿ ಈ ಜೋಪಡಿಗಳ ದೃಶ್ಯಗಳು ಪ್ರಚಾರಕ್ಕೆ ಬಂದವು. ಇವು ಅಕ್ರಮವಾಗಿ ನುಸುಳಿದ ಬಾಂಗ್ಲಾದೇಶೀಯರ ನೆಲೆಗಳು ಎಂಬುದು ಅಡಿಬರಹ. ಕ್ಷೇತ್ರದ ಅಂದಿನ ಶಾಸಕರು ಅದನ್ನು ಹಂಚಿಕೊಂಡರು, ಟಿ.ವಿ.ಯಲ್ಲೂ ಅದು ಬಂತು. ಕೆಲವೇ ದಿನಗಳಲ್ಲಿ ನೀರು, ವಿದ್ಯುತ್ತು ನಿಂತವು. ಜನವರಿ 18, 19ರಂದು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಳೀಯ ಎಂಜಿನಿಯರರ ಪತ್ರದ ಆಧಾರದ ಮೇಲೆ, ಪೊಲೀಸರ ಸಮಕ್ಷಮದಲ್ಲಿ ಯಂತ್ರಗಳು ಬಂದು ಜೋಪಡಿಗಳನ್ನು ಕೆಡವಿದವು.

ಆ ಚಿತ್ರ ಸುಳ್ಳಲ್ಲ. ಜೋಪಡಿಗಳಿದ್ದವು, ಕಸವಿತ್ತು, ಮಕ್ಕಳು ಬರಿಗಾಲಿನಲ್ಲಿದ್ದರು. ಆದರೆ ಒಬ್ಬ ಮನುಷ್ಯ ಯಾವ ದೇಶದವನೆಂದು ಅವನ ಟಾರ್ಪಾಲಿನ ಬಣ್ಣದಿಂದ ಹೇಳಬಲ್ಲವರು ಯಾರು? ಕೆಡವಿದ ಮೇಲೆ ಅಲ್ಲಿಗೆ ಹೋದ ವರದಿಗಾರರಿಗೆ ಆ ಜನ ತಮ್ಮ ಆಧಾರ್ ಕಾರ್ಡು, ಮತದಾರರ ಚೀಟಿಗಳನ್ನು ತೋರಿಸಿದರು. ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು, ಪಶ್ಚಿಮ ಬಂಗಾಳದವರಿದ್ದರು, ನಮ್ಮ ಉತ್ತರ ಕರ್ನಾಟಕದಿಂದಲೇ ಗುಳೇ ಬಂದವರೂ ಇದ್ದರು. ಪಿ.ಯು.ಸಿ.ಎಲ್. ಸಂಸ್ಥೆಯ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ ತೆರವಿಗೆ ತಡೆಯಿತ್ತಿತು. ಫೆಬ್ರವರಿಯಲ್ಲಿ, ಕಾನೂನಿನ ಕ್ರಮವಿಲ್ಲದೆ ಜನರನ್ನು ಒಕ್ಕಲೆಬ್ಬಿಸಿದ್ದನ್ನು ಆಕ್ಷೇಪಿಸಿ, ಅವರಿಗೆ ಪುನರ್ವಸತಿ ಕಲ್ಪಿಸಬೇಕೆಂದು ಸರ್ಕಾರಕ್ಕೆ ಆದೇಶಿಸಿತು. ಒಂದು ಅಡಿಬರಹವನ್ನು ಪರೀಕ್ಷಿಸಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಆ ಮಧ್ಯಾಹ್ನವನ್ನು ಮೊದಲೇ ಯಾರೂ ವ್ಯಯಮಾಡದ ಕಾರಣ ನ್ಯಾಯಾಲಯ ವಾರಗಟ್ಟಲೆ ಕುಳಿತು ಅದನ್ನು ಮಾಡಬೇಕಾಯಿತು. ನ್ಯಾಯ ಬರುವ ಹೊತ್ತಿಗೆ ಅಡಿಗೆಯ ಪಾತ್ರೆಗಳು ಮಣ್ಣಿನಡಿಯಲ್ಲಿದ್ದವು.

ಭಾಷೆಯಲ್ಲಿ ಆಸಕ್ತಿಯುಳ್ಳ ನಮಗೆ ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಮ್ಮ ಆಡುಗನ್ನಡದಲ್ಲಿ 'ಅಂತೆ' ಎಂಬ ಒಂದು ಸಣ್ಣ ಮಾತಿದೆ. 'ಅವನು ಬಂದ' ಎಂದರೆ ನಾನು ಕಂಡೆ ಎಂದು ಅರ್ಥ. 'ಅವನು ಬಂದನಂತೆ' ಎಂದರೆ ಯಾರೋ ಹೇಳಿದರು, ಹೊಣೆ ನನ್ನದಲ್ಲ ಎಂದು ಅರ್ಥ. ಇಷ್ಟು ಚಿಕ್ಕ ಪ್ರತ್ಯಯದಿಂದ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವ ಅನುಕೂಲ ಎಲ್ಲ ಭಾಷೆಗಳಿಗೂ ಇಲ್ಲ. 'ಅಂತೆ' ಕಿವಿಗೆ ಬಿದ್ದೊಡನೆ ನಮ್ಮ ಮನೆಯ ಹಿರಿಯರು "ಯಾರು ಹೇಳಿದ್ದು?" ಎಂದು ಕೇಳುತ್ತಿದ್ದರು. ಉತ್ತರವಿಲ್ಲದಿದ್ದರೆ "ಅಂತೆ ಕಂತೆ ಬೇಡ" ಎಂದು ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದರು.

ಪತ್ರಿಕೆಯ ಗ್ರಾಂಥಿಕ ಕನ್ನಡದಲ್ಲಿ ಈ 'ಅಂತೆ' ಇಲ್ಲ. ಅದರ ಸ್ಥಾನದಲ್ಲಿ 'ಎನ್ನಲಾಗಿದೆ', 'ಎಂದು ತಿಳಿದುಬಂದಿದೆ', 'ಎಂದು ಶಂಕಿಸಲಾಗಿದೆ' ಎಂಬ ಗಂಭೀರವಾದ ರೂಪಗಳು ಬಂದು ಕುಳಿತಿವೆ. ಅರ್ಥ ಒಂದೇ, ಗತ್ತು ಬೇರೆ. 'ಅಂತೆ' ಎಂಬುದು ತಾನು ಕೇಳಿದ ಮಾತೆಂದು ಒಪ್ಪಿಕೊಳ್ಳುತ್ತದೆ. 'ಎನ್ನಲಾಗಿದೆ' ಎಂಬುದು ತಾನೇ ಒಂದು ಸಂಶೋಧನೆಯ ಫಲವೆಂಬಂತೆ ನಿಲ್ಲುತ್ತದೆ. ಅಂದವರಾರು? ತಿಳಿದುಬಂದದ್ದು ಎಲ್ಲಿಂದ? ಶಂಕಿಸಿದವರಿಗೆ ಹೆಸರಿಲ್ಲವೆ? ಕರ್ತರಿಯ ಕರ್ತೃವನ್ನು ಕಳಚಿ ಕರ್ಮಣಿಯ ಹಿಂದೆ ಅಡಗಿಸಿದ ವಾಕ್ಯವನ್ನು ವ್ಯಾಕರಣ ಕ್ಷಮಿಸಬಹುದು, ನ್ಯಾಯ ಕ್ಷಮಿಸುವುದಿಲ್ಲ. ಬಡವರನ್ನು ಕುರಿತ ವರದಿಗಳಲ್ಲಿ ಇಂಥ ವಾಕ್ಯಗಳು ಎಷ್ಟಿವೆಯೆಂದು ಒಂದು ವಾರ ಎಣಿಸಿ ನೋಡಿ. ಮಂತ್ರಿಯೊಬ್ಬರ ವಿಷಯದಲ್ಲಿ ಅದೇ ಪತ್ರಿಕೆ ಎಷ್ಟು ಎಚ್ಚರದಿಂದ 'ಎಂದು ಇಂಥವರು ಆರೋಪಿಸಿದರು' ಎಂದು ಬರೆಯುತ್ತದೆಂಬುದನ್ನೂ ಹೋಲಿಸಿ ನೋಡಿ.

ಸಂಘರ್ಷದ ಸುದ್ದಿಯಲ್ಲಿ ಇನ್ನೊಂದು ದೋಷ ಸೇರಿಕೊಳ್ಳುತ್ತದೆ. ಅರ್ಧ ಸತ್ಯಗಳೆರಡು ಎದುರುಬದುರು ನಿಲ್ಲುವುದೇ ಆ ದೋಷ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶ ಬಂದ ಕಾಲವನ್ನು ನೆನೆಯಿರಿ. ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದ ದೃಶ್ಯ ತಮಿಳುನಾಡಿನ ಪರದೆಗಳನ್ನು ತುಂಬಿತು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ನಡೆದ ದಾಳಿ, ರಾಮೇಶ್ವರದಲ್ಲಿ ಕರ್ನಾಟಕದ ಚಾಲಕರಿಗೆ ಬಿದ್ದ ಪೆಟ್ಟು ನಮ್ಮ ಪರದೆಗಳನ್ನು ತುಂಬಿದವು. ಎರಡೂ ನಡೆದದ್ದೇ. ಆದರೆ ಅಲ್ಲಿಯವರು ತಮ್ಮವರು ಪೆಟ್ಟು ತಿಂದದ್ದನ್ನು ಮಾತ್ರ ಕಂಡರು, ನಾವು ನಮ್ಮವರು ಪೆಟ್ಟು ತಿಂದದ್ದನ್ನು ಮಾತ್ರ ಕಂಡೆವು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಉರಿದವು. ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ. ವಾಹಿನಿಗಳು ಸಂಯಮದಿಂದ ವರ್ತಿಸಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಸೂಚಿಸಬೇಕಾಯಿತು. ಸುಳ್ಳು ಹೇಳದೆಯೇ ದ್ವೇಷವನ್ನು ಬೆಳೆಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಕನ್ನಡ, ತಮಿಳುಗಳೆರಡೂ ಒಂದೇ ಅಂಗಳದಲ್ಲಿ ಆಡುವ ಹಲಸೂರು, ಬಾಣಸವಾಡಿಯ ಜನಕ್ಕೆ ಆ ವಾರ ಎರಡು ಪರದೆಗಳನ್ನೂ ನೋಡುವ ಭಾಗ್ಯವಿತ್ತು. ಎರಡನ್ನೂ ನೋಡಿದವರಿಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಇಷ್ಟು ಕೇಳಿದ ಮೇಲೆ, "ಹಾಗಾದರೆ ನಾವು ಹೇಳುವುದೇ ಸರಿ, ಇವರನ್ನು ಯಾರನ್ನೂ ನಂಬಬಾರದು" ಎಂದು ನೀವು ಹೇಳಬಹುದು. ಆ ದಾರಿಯ ಕೊನೆ ಎಲ್ಲಿದೆಯೆಂಬುದನ್ನು ಬೆಂಗಳೂರು ಒಮ್ಮೆ ಕಂಡಿದೆ. 2012ರ ಜುಲೈಯಲ್ಲಿ ಅಸ್ಸಾಮಿನ ಬೋಡೋ ಪ್ರದೇಶದಲ್ಲಿ ಹಿಂಸಾಚಾರ ನಡೆಯಿತು. ಆಗಸ್ಟಿನಲ್ಲಿ, ರಂಜಾನ್ ಮುಗಿಯುವ ಹೊತ್ತಿಗೆ ದಕ್ಷಿಣದಲ್ಲಿರುವ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆಂಬ ಸಂದೇಶಗಳು ಮೊಬೈಲುಗಳಲ್ಲಿ ಹಬ್ಬಿದವು. ಜೊತೆಗೆ ಚಿತ್ರಗಳೂ ಹಬ್ಬಿದವು. ಅಂದಿನ ದಿನಗಳಲ್ಲಿ ಹರಿದಾಡಿದ ಒಂದು ಚಿತ್ರದಲ್ಲಿ ಹೆಣಗಳ ರಾಶಿಯ ನಡುವೆ ಬೌದ್ಧ ಭಿಕ್ಷುಗಳು ನಿಂತಿದ್ದರು. ಬರ್ಮಾದಲ್ಲಿ ನಡೆದ ಹತ್ಯೆ ಎಂದು ಅದರ ಅಡಿಬರಹ. ವಾಸ್ತವವಾಗಿ ಅದು 2010ರಲ್ಲಿ ಚೀನಾದ ಯೂಶೂ ಪ್ರದೇಶದ ಭೂಕಂಪದಲ್ಲಿ ಮಡಿದವರಿಗೆ ಟಿಬೆಟನ್ ಭಿಕ್ಷುಗಳು ಅಂತ್ಯಕ್ರಿಯೆ ಮಾಡಲು ಬಂದಾಗಿನ ಚಿತ್ರ. ಕರುಣೆಯ ಚಿತ್ರವೊಂದು ಅಡಿಬರಹದ ಬಲದಿಂದ ಕ್ರೌರ್ಯದ ಚಿತ್ರವಾಗಿಬಿಟ್ಟಿತ್ತು.

ಆಗಸ್ಟ್ 15ರ ಸಂಜೆಯಿಂದ ಬೆಂಗಳೂರಿನ ಸಿಟಿ ರೈಲ್ವೆ ನಿಲ್ದಾಣದಲ್ಲಿ ಸಾವಿರಾರು ಜನ ಸೇರಿದರು. ಹೋಟೆಲುಗಳ ಹುಡುಗರು, ಕಾವಲುಗಾರರು, ಬ್ಯೂಟಿ ಪಾರ್ಲರುಗಳ ಹೆಣ್ಣುಮಕ್ಕಳು, ಕಾಲೇಜಿನ ವಿದ್ಯಾರ್ಥಿಗಳು ಗುವಾಹಟಿಯ ರೈಲಿಗಾಗಿ ಕಾದು ಕುಳಿತರು. ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಮುಖ್ಯಮಂತ್ರಿಗಳು ಹೇಳಿದರು, ಗೃಹಮಂತ್ರಿಗಳು ಹೇಳಿದರು, ಪೊಲೀಸರು ಹೇಳಿದರು, ಪತ್ರಿಕೆಗಳು ಬರೆದವು: ಹೆದರಬೇಡಿ, ಏನೂ ಆಗಿಲ್ಲ. ಯಾರೂ ನಂಬಲಿಲ್ಲ. ಆಗಸ್ಟ್ 17ರಂದು ಕೇಂದ್ರ ಸರ್ಕಾರ, ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳುಹಿಸದಂತೆ ದೇಶಾದ್ಯಂತ 15 ದಿನಗಳ ನಿರ್ಬಂಧ ಹೇರಿತು.

ಓಡಿಹೋದವರನ್ನು ಅವಿವೇಕಿಗಳೆಂದು ನಗುವುದು ಸುಲಭ. ಆದರೆ ಅವರ ಕಡೆಯಿಂದ ಒಮ್ಮೆ ಯೋಚಿಸಿ. ಲಿಂಗರಾಜಪುರದ ಓಣಿಯಲ್ಲಿ ಒಂದು ಕೋಣೆಯಲ್ಲಿ ಐದು ಜನ ಇದ್ದುಕೊಂಡು ದುಡಿಯುವ ಹುಡುಗ ಆ ದಿನದವರೆಗೆ ಯಾವ ಪತ್ರಿಕೆಯ ಪುಟದಲ್ಲಿ ತನ್ನನ್ನು ತಾನು ಕಂಡಿದ್ದ? ಅವನ ಸಂಬಳ ಬಾಕಿಯಾದದ್ದು ಸುದ್ದಿಯಾಗಲಿಲ್ಲ. ಬೀದಿಯಲ್ಲಿ ಅವನ ಮುಖಲಕ್ಷಣವನ್ನು ಆಡಿಕೊಂಡದ್ದು ಸುದ್ದಿಯಾಗಲಿಲ್ಲ. ಅಂಥವನಿಗೆ, ಕನ್ನಡದ, ಇಂಗ್ಲಿಷಿನ ಪತ್ರಿಕೆಗಳು ಒಂದು ಬೆಳಿಗ್ಗೆ ಎದ್ದು "ನಮ್ಮ ಮಾತನ್ನು ನಂಬು" ಎಂದರೆ ಅವನು ಯಾವ ಹಳೆಯ ಲೆಕ್ಕದ ಮೇಲೆ ನಂಬಬೇಕು? ಊರಿನ ಅಣ್ಣನೊಬ್ಬ ಕಳುಹಿಸಿದ ಸಂದೇಶವನ್ನು ಅವನು ನಂಬಿದ. ಆ ಅಣ್ಣ ಹೇಳಿದ್ದು ತಪ್ಪು. ಆದರೆ ಆ ಅಣ್ಣ ಅವನಿಗೆ ಪರಿಚಿತ.

ನಾನು ಇಂದು ಹೇಳಬೇಕೆಂದುಕೊಂಡದ್ದರ ತಿರುಳು ಇದೇ. ಅಪಾಯದ ದಿನದಲ್ಲಿ ನಂಬಿಕೆಯನ್ನು ಹೊಸದಾಗಿ ಹುಟ್ಟಿಸಲಾಗುವುದಿಲ್ಲ. ಅದನ್ನು ಸಾಮಾನ್ಯ ದಿನಗಳಲ್ಲಿ ಕಾಸುಕಾಸಾಗಿ ಕೂಡಿಡಬೇಕು. ಔಷಧದ ಬಿಲ್ಲಿನ ಸುದ್ದಿಯನ್ನು, ನಲ್ಲಿಯಲ್ಲಿ ನೀರು ಬಾರದ ಸುದ್ದಿಯನ್ನು, ಸಂಬಳ ಬಾಕಿಯ ಸುದ್ದಿಯನ್ನು ಬರೆದ ಪತ್ರಿಕೆಗೆ ಮಾತ್ರ, ಗಲಭೆಯ ರಾತ್ರಿ "ಹೆದರಬೇಡಿ" ಎನ್ನುವ ಅಧಿಕಾರವಿರುತ್ತದೆ. ಪೊಲೀಸರ ವ್ಯಾನಿನ ಹಿಂದೆ ಬಂದು ಅದರೊಡನೆಯೇ ಹೊರಟುಹೋಗುವ ಕ್ಯಾಮೆರಾವನ್ನು ಆ ಓಣಿಯ ಜನ ವ್ಯಾನಿನ ಒಂದು ಭಾಗವೆಂದೇ ಎಣಿಸುತ್ತಾರೆ. ಬಡತನದ ವರದಿಯಲ್ಲಿ ಆದ ಉಪೇಕ್ಷೆ ಸಂಘರ್ಷದ ವರದಿಯಲ್ಲಿ ಅವಿಶ್ವಾಸವಾಗಿ ಮರಳಿ ಬರುತ್ತದೆ. ಇವೆರಡೂ ಬೇರೆ ಬೇರೆ ಕಾಯಿಲೆಗಳಲ್ಲ.

ಪತ್ರಕರ್ತರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬುವುದು ಅನ್ಯಾಯ. ಕರಿಯಮ್ಮನ ಅಗ್ರಹಾರದ ಅಡಿಬರಹ ಸುಳ್ಳೆಂದು ನಮಗೆ ತಿಳಿದದ್ದೂ ಪತ್ರಕರ್ತರಿಂದಲೇ. ಅವರು ಕೆಸರು ತುಳಿದು ಹೋಗಿ, ಚೀಟಿಗಳನ್ನು ಕೈಯಲ್ಲಿ ಹಿಡಿದು ನೋಡಿ ಬರೆದರು. ಪಿ. ಸಾಯಿನಾಥರು ದೇಶದ ಅತಿ ಬಡ ಜಿಲ್ಲೆಗಳಲ್ಲಿ ಅಲೆದು, ಬರ ಇಲ್ಲದ ದಿನಗಳಲ್ಲಿ ಬಡವರು ಹೇಗೆ ಬದುಕುತ್ತಾರೆಂಬುದನ್ನು ಬರೆದರು. 1996ರಲ್ಲಿ ಬಂದ ಆ ಪುಸ್ತಕ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಜಿ.ಎನ್. ಮೋಹನ್ ಅವರಿಂದ ಕನ್ನಡಕ್ಕೂ ಬಂದಿದೆ. ಇಂಥ ಬರವಣಿಗೆಗೆ ಕಾಲ ಬೇಕು, ಹಣ ಬೇಕು, ಒಂದೇ ಊರಿಗೆ ಹತ್ತು ಸಲ ಹೋಗುವ ತಾಳ್ಮೆ ಬೇಕು. ಇಪ್ಪತ್ತನಾಲ್ಕು ಗಂಟೆಯೂ ಏನನ್ನಾದರೂ ತೋರಿಸುತ್ತಲೇ ಇರಬೇಕಾದ ವಾಹಿನಿಗೆ ಉರಿಯುವ ವಾಹನ ಅಗ್ಗ. ಹತ್ತು ಸಲದ ಪ್ರಯಾಣ ದುಬಾರಿ. ಅಗ್ಗದ್ದನ್ನೇ ನಾವು ನೋಡುತ್ತ ಕುಳಿತರೆ ದುಬಾರಿಯದನ್ನು ಯಾರು ತಯಾರಿಸುತ್ತಾರೆ?

ಓದುಗನ ಕೈಯಲ್ಲಿರುವ ಅಳತೆಗೋಲು ಯಾವುದು? ದೊಡ್ಡ ಶಾಸ್ತ್ರವೇನೂ ಬೇಡ, ನಾಲ್ಕು ಪ್ರಶ್ನೆಗಳು ಸಾಕು. ಮೊದಲನೆಯದು, ಬರೆದವನು ಎಲ್ಲಿ ನಿಂತು ನೋಡಿದ? ಠಾಣೆಯ ಮೆಟ್ಟಿಲ ಮೇಲೋ, ಓಣಿಯ ಒಳಗೋ? ಎರಡನೆಯದು, ಚಿತ್ರಕ್ಕೆ ಅಡಿಬರಹ ಕೊಟ್ಟವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು? ಮೂರನೆಯದು, ಯಾರ ಬಗ್ಗೆ ಬರೆದಿದೆಯೋ ಅವರ ಒಂದಾದರೂ ಮಾತು ವರದಿಯಲ್ಲಿದೆಯೆ? ಜೋಪಡಿಯವರನ್ನು ಕುರಿತ ಬರಹದಲ್ಲಿ ಅಧಿಕಾರಿಗಳ ಮಾತೇ ತುಂಬಿದ್ದರೆ ಅದು ಅಧಿಕಾರಿಗಳನ್ನು ಕುರಿತ ಬರಹ. ನಾಲ್ಕನೆಯದು, ವಾರದ ಮೇಲೆ, ತಿಂಗಳ ಮೇಲೆ ಆ ಪತ್ರಿಕೆ ಅದೇ ಊರಿಗೆ ಮರಳಿ ಹೋಯಿತೆ? ನ್ಯಾಯಾಲಯ ಬೇರೆ ಮಾತನ್ನು ಹೇಳಿದಾಗ, ಮೊದಲು ಕೂಗಿದಷ್ಟೇ ಗಟ್ಟಿಯಾಗಿ ಅದನ್ನೂ ಹೇಳಿತೆ?

ಈ ಪ್ರಶ್ನೆಗಳಿಗೆ ಉತ್ತರ ಕೊಡುವ ವರದಿಯನ್ನು ನಂಬೋಣ. ನಮಗೆ ಒಗ್ಗದಿದ್ದರೂ ನಂಬೋಣ. ಉತ್ತರ ಕೊಡದ ವರದಿಯನ್ನು, ನಮಗೆ ಎಷ್ಟೇ ಪ್ರಿಯವಾಗಿದ್ದರೂ ತಡೆಹಿಡಿಯೋಣ. ಇನ್ನೊಬ್ಬರಿಗೆ ಅದನ್ನು ದಾಟಿಸದಿರೋಣ. ಸಂಪಾದಕರಿಗೆ ಒಂದು ಕಾರ್ಡು ಬರೆದು, ಇಂಥ ದಿನದ ವರದಿಯಲ್ಲಿ 'ಎನ್ನಲಾಗಿದೆ' ಎಂದಿರಿ, ಅಂದವರಾರು ಎಂದು ಕೇಳೋಣ. ಜೋಪಡಿಯವನು ಬರೆಯಲಾರದ ಪತ್ರವನ್ನು ಅವನ ಪರವಾಗಿ ಬರೆಯುವಷ್ಟು ಅಕ್ಷರ ನಮ್ಮಲ್ಲಿದೆ. ಆ ಅಕ್ಷರದ ಋಣವೂ ನಮ್ಮ ಮೇಲಿದೆ.

ಕರಿಯಮ್ಮನ ಅಗ್ರಹಾರದಲ್ಲಿ ಆ ಜನವರಿಯಲ್ಲಿ ಕುಸಿದದ್ದು ಕೆಲವು ತಗಡು, ಕೆಲವು ಬೊಂಬು, ಕೆಲವು ಟಾರ್ಪಾಲು. ಅವನ್ನು ಮತ್ತೆ ಕಟ್ಟಬಹುದು. ಆದರೆ ತನ್ನನ್ನು ಕುರಿತು ದೇಶವೆಲ್ಲ ಸುಳ್ಳನ್ನು ನಂಬಿತು, ಯಾರೂ ಬಂದು ಒಂದು ಮಾತು ಕೇಳಲಿಲ್ಲ ಎಂಬುದನ್ನು ಕಂಡ ಮನುಷ್ಯನ ಮನಸ್ಸಿನಲ್ಲಿ ಕುಸಿಯುವುದನ್ನು ಕಟ್ಟುವುದು ಕಷ್ಟ. ಸುದ್ದಿಯನ್ನು ಸಂಶಯದಿಂದ ನೋಡುವುದರಲ್ಲಿ ತಪ್ಪಿಲ್ಲ. ಆ ಸಂಶಯ ನಮ್ಮನ್ನು ಕದ ಹಾಕಿಕೊಂಡು ಕೂರಿಸದೆ, ಎದ್ದು ಹೋಗಿ ಆ ಮನುಷ್ಯನನ್ನು "ನಿಮ್ಮ ಊರು ಯಾವುದು? ನಡೆದದ್ದೇನು?" ಎಂದು ಕೇಳುವಂತೆ ಮಾಡಬೇಕು.